ಮಾಳಪ್ಪ ತಡವಾಗಿ ಬಂದ ಶನಿವಾರ

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲಿನ ಮೊದಲ ಚಳಿಗಾಲ. ವಾರ ಶುಕ್ರವಾರ. ಹೊತ್ತು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಪಡಸಾಲೆಯ ಗಡಿಯಾರವನ್ನು ನಾನು ನೋಡಿದ್ದೆ. ಬೀದರಿನ ಒಂದು ಕಚೇರಿಯ ಬಾಗಿಲಲ್ಲಿ, ಹೊಸ್ತಿಲಿನ ಹೊರಗೆ, ಎಡಗೈಯನ್ನು ಚೌಕಟ್ಟಿನ ಮೇಲಿಟ್ಟು ನಿಂತಿದ್ದೆ. ಒಳಗೆ ಮ್ಯಾಜಿಸ್ಟ್ರೇಟ್ ಸಾಹೇಬರು ಕೂತಿದ್ದರು. ಪಡಸಾಲೆಯಲ್ಲಿ ಹನ್ನೆರಡೋ ಹದಿಮೂರೋ ಜನ ಇದ್ದರು. ನಾನು ಮೊದಲ ಸಲ ಕೂಗಿದೆ: "ಮಾಳಪ್ಪ ವಲ್ದ್ ಬೀರಪ್ಪ, ಸಂತಪುರ, ಹಾಜರ್ ಹೋ." ಬೀರಪ್ಪನ ಮಗ ಸಂತಪುರದ ಮಾಳಪ್ಪ ಹಾಜರಾಗಬೇಕು ಎಂದು ಅದರ ಅರ್ಥ. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗುವಾಗ, ಊರಿನ ಹೆಸರು ಬಾಯಿಂದ ಹೊರಡುತ್ತಿದ್ದಂತೆ, ಅವನು ಇವತ್ತು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ಯಾಕೆ ಬರುವುದಿಲ್ಲ ಎಂಬುದೂ ಗೊತ್ತಾಯಿತು. ಆದರೂ ಮೂರನೆಯ ಸಲ ಕೂಗಿದೆ.

ಇದನ್ನು ಮುಂದೆ ಪೂರ್ತಿ ಬರೆಯುತ್ತೇನೆ. ಅದಕ್ಕೆ ಮೊದಲು ನನ್ನ ಕೆಲಸ ಏನಿತ್ತು ಎಂದು ಹೇಳಬೇಕು. ಈಗ ಈ ಕೆಲಸಕ್ಕೆ ಸೇರುವ ಹುಡುಗರಿಗೆ ಅದು ಸಣ್ಣ ಕೆಲಸದಂತೆ ಕಾಣುತ್ತದೆ. ಕುಡಿಯುವ ನೀರು ತುಂಬುವುದು, ಕಡತ ಹೊರುವುದು, ಸಮನ್ಸು ತೆಗೆದುಕೊಂಡು ಹಳ್ಳಿಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದು, ಮುಕದ್ದಮೆ ಬಂದಾಗ ಬಾಗಿಲಲ್ಲಿ ನಿಂತು ಹೆಸರು ಕೂಗುವುದು. ನಾನು ಭಾಲ್ಕಿಯವನು. ಊರಲ್ಲಿ ನನ್ನನ್ನು ಶರಣಪ್ಪ ಎಂದು ಕರೆಯುತ್ತಿದ್ದರು, ಕಚೇರಿಯಲ್ಲಿ ಚಪರಾಸಿ ಎಂದು. ನಿಜಾಮರ ಕಾಲದಲ್ಲಿ ಸೇರಿದೆ, ಮೈಸೂರು ರಾಜ್ಯ ಆದ ಮೇಲೆ ಬಹಳ ವರ್ಷಕ್ಕೆ ಬಿಟ್ಟೆ.

ಹೆಸರು ಕೂಗುವುದು ಮೂರೇ ಸಲ. ಮೂರಕ್ಕೂ ಓ ಎನ್ನದಿದ್ದರೆ ಒಳಗೆ ಪೇಶ್ಕಾರರು, ಎಂದರೆ ಸಾಹೇಬರ ಪಕ್ಕದಲ್ಲಿ ಕೂತು ಕಾಗದ ನೋಡುವ ಗುಮಾಸ್ತರು, 'ಗೈರ್ ಹಾಜರ್' ಎಂದು ಬರೆಯುತ್ತಿದ್ದರು. ಅಲ್ಲಿಗೆ ಆ ಮನುಷ್ಯನ ಮಾತು ಮುಗಿದಂತೆ. ಮೂರನೆಯ ಕೂಗಿಗೂ ಆ ಬರಹಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕು ಎಂದು ಯಾವ ಕಾನೂನಿನಲ್ಲೂ ಇರಲಿಲ್ಲ. ಅದು ಕೂಗುವವನಿಗೆ ಬಿಟ್ಟದ್ದು.

ನನಗೆ ಈ ಕೆಲಸ ಕಲಿಸಿದವರು ಖಾಜಾ ಚಾಚಾ. ವಯಸ್ಸಾದ ಚಪರಾಸಿ, ಬಿಳಿ ಗಡ್ಡ, ಮೊಣಕಾಲು ನೋವು. ಅವರ ಪದ್ಧತಿ ಹೀಗಿತ್ತು. ಮೊದಲ ಕೂಗು ಬಾಗಿಲಲ್ಲಿ. ಎರಡನೆಯದು ಮೆಟ್ಟಿಲಿನ ಮೇಲೆ. ಮೂರನೆಯದಕ್ಕೆ ಅಂಗಳ ದಾಟಿ ಗೇಟಿನ ತನಕ ನಡೆದು ಹೋಗಿ, ರಸ್ತೆಯ ಎರಡೂ ಕಡೆ ನೋಡಿ, ಆಮೇಲೆ ಕೂಗುವುದು. ಮೊಣಕಾಲಿನ ನೋವಿನಿಂದ ಅವರು ಹೋಗಿ ಬರುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದಿತ್ತು. ಎಷ್ಟೋ ಜನ ಆ ಹೊತ್ತಿನಲ್ಲೇ ಓಡಿಬಂದು ಉಳಿದುಕೊಂಡದ್ದನ್ನು ನಾನು ಕಂಡಿದ್ದೇನೆ.

ಒಂದು ದಿನ ಕೇಳಿದೆ, "ಚಾಚಾ, ನೋವು ಖರೇ ಅದನೋ, ಇಲ್ಲಾ ಬೇಕಂತ ಸಾವಕಾಶ ನಡೀತೀರೋ?"

"ನೋವು ಖರೇ ಅದ," ಅಂದರು. "ಖರೇ ಇದ್ದದ್ದಕ್ಕ ಚೊಲೋ ಆತು. ಸುಳ್ಳು ನೋವಿಗಿ ನಾಟಕ ಮಾಡಬೇಕಾಗ್ತದ, ನನಗ ನಾಟಕ ಬರಂಗಿಲ್ಲ." ಆಮೇಲೆ ಹೇಳಿದರು: "ನೋಡಪ್ಪ, ಒಳಗ ಇರೋದು ಎರಡೇ ಮಾತು. ಹಾಜರ್, ಗೈರ್ ಹಾಜರ್. ತಡ ಆಗ್ಯಾದ ಅನ್ನೋ ಮಾತು ಅವರ ಕಾಗದದಾಗ ಇಲ್ಲ. ಅದು ನಿನ್ನ ಕಾಲಾಗ ಇರಬೇಕು."

ಕಾಗದದಲ್ಲಿ ಇರದಿದ್ದರೂ ಬಾಯಲ್ಲಿ ಆ ಮಾತುಗಳಿಗೆ ಕೊರತೆ ಇರಲಿಲ್ಲ. ನಮ್ಮ ಪೇಶ್ಕಾರ ಗೋವಿಂದರಾಯರು ಆ ವಿಷಯದಲ್ಲಿ ಪಂಡಿತರು. ಬಾಗಿಲ ಕಡೆ ಕಣ್ಣೆತ್ತಿ ನೋಡುತ್ತಲೇ ಬಂದವನಿಗೆ ಹೆಸರಿಡುತ್ತಿದ್ದರು. ಕೂಗು ಮುಗಿದ ಮೇಲೆ ಬಂದವ ಲೇಟ್ ಲತೀಫ. ಕೋಲೂರಿಕೊಂಡು ಬಂದ ಮುದುಕ ಸಾವಕಾಶರಾಯ. ಹೊಟ್ಟೆ ಬೆಳೆಸಿಕೊಂಡ ಸಾಹುಕಾರ ಉಸಿರು ಬಿಡುತ್ತ ಬಂದರೆ, "ಎಮ್ಮಿ ಕೆರ್‍ಯಾಗಿಂದ ಎದ್ದು ಬಂತು ನೋಡ್ರಿ." ಉರ್ದು ವಕೀಲರು ಸುಸ್ತ್, ಎಂದರೆ ಸೋಮಾರಿ, ಅನ್ನುತ್ತಿದ್ದರು, ಸಿಟ್ಟು ಬಂದರೆ ಕಾಹಿಲ್, ಎಂದರೆ ಮೈಗಳ್ಳ. ಉದಗೀರ ಕಡೆಯ ಮರಾಠಿ ವಕೀಲರೊಬ್ಬರು 'ಉಶೀರ, ಉಶೀರ' ಎಂದು ಜೇಬಿನ ಗಡಿಯಾರ ತೋರಿಸುತ್ತಿದ್ದರು. ಹಳ್ಳಿಯವರು ತಮ್ಮತಮ್ಮಲ್ಲೇ ಆಡುವ ಮಾತು ಬೇರೆ: ಹೊತ್ತು ಮಾಡ್ಯಾನ, ತೆವಳಕೋತ ಬಂದಾನ, ಕಾಲಾಗ ಜೀವ ಇಲ್ಲ. ಇವೆಲ್ಲ ಬೈಗುಳವೇ. ಬೈಗುಳವಲ್ಲದ ಒಂದೇ ಒಂದು ಮಾತು ನನಗೆ ನೆನಪಿದೆ. ಅದು ಕಚೇರಿಯಲ್ಲಿ ಕೇಳಿದ್ದಲ್ಲ. ಭಾಲ್ಕಿಯಲ್ಲಿ ನಮ್ಮವ್ವ ಬಸುರಿ ಸೊಸೆ ನೀರು ತರುವಾಗ ಬಾಗಿಲಲ್ಲಿ ನಿಂತು, "ಹಗೂರ ಬಾ ಯವ್ವಾ, ಹಗೂರ," ಅನ್ನುತ್ತಿದ್ದಳು.

ಭಾಲ್ಕಿಯ ಮಾತು ಬಂದದ್ದಕ್ಕೆ ಅಲ್ಲಿನ ಒಂದು ಮುಕದ್ದಮೆ ಹೇಳುತ್ತೇನೆ. ಚಾಚಾ ಹತ್ತಿರ ಕೆಲಸ ಕಲಿತ ಮೇಲೆ ಎರಡು ವರ್ಷ ನಾನು ಅಲ್ಲಿನ ಕಚೇರಿಯಲ್ಲಿ ಇದ್ದೆ. ಅಣ್ಣ ತಮ್ಮ ಇಬ್ಬರು ಒಂದು ಬದುವಿನ ಸಲುವಾಗಿ ಜಗಳಕ್ಕೆ ಬಿದ್ದಿದ್ದರು. ಮನೆ ಒಂದೇ, ಅಂಗಳ ಒಂದೇ. ತಮ್ಮನ ಹತ್ತಿರ ಟಾಂಗಾ ಇತ್ತು. ಅಣ್ಣ ಅದರಲ್ಲಿ ಕೂರಲು ಒಪ್ಪದೆ ನಡೆದು ಬರುತ್ತಿದ್ದ. ಪ್ರತಿ ಸಲ ಮೂರನೆಯ ಕೂಗಿನ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಬಂದು ನಿಲ್ಲುತ್ತಿದ್ದ. ತಮ್ಮ ನಗುತ್ತಿದ್ದ, "ಬಂದನಪ್ಪ ನಮ್ಮ ಬಸವನಹುಳ." ಒಂದು ದಿನ ಇಬ್ಬರೂ ಬರಲಿಲ್ಲ. ಮೂರು ಸಲ ಕೂಗಿದೆ, ಮುಕದ್ದಮೆ ಖಾರಿಜ್, ಎಂದರೆ ವಜಾ, ಆಯಿತು. ಮಧ್ಯಾಹ್ನ ಒಂದೇ ಟಾಂಗಾದಲ್ಲಿ ಇಬ್ಬರೂ ಬಂದು ಇಳಿದರು. ದಾರಿಯಲ್ಲಿ ಅಣ್ಣ ಕಾಲಿಗೆ ಮುಳ್ಳು ಚುಚ್ಚಿ ಕೂತಿದ್ದನಂತೆ. ತಮ್ಮ ಟಾಂಗಾ ನಿಲ್ಲಿಸಿ ಮುಳ್ಳು ತೆಗೆದನಂತೆ. ಆಮೇಲೆ ಬುತ್ತಿ ಬಿಚ್ಚಿ ಅಲ್ಲೇ ಉಂಡರಂತೆ. "ಖಾರಿಜ್ ಆಗ್ಯಾದ," ಎಂದೆ. "ಆಗ್ಲಿ ಬಿಡ್ರಿ," ಅಂದ ತಮ್ಮ, "ನಮಗೂ ಬ್ಯಾಸರ ಆಗಿತ್ತು." ಬಂದ ಟಾಂಗಾದಲ್ಲೇ ತಿರುಗಿ ಹೋದರು.

ತಡವಾದದ್ದರಿಂದ ಒಳ್ಳೆಯದಾದ ಪ್ರಸಂಗ ನನ್ನ ನೌಕರಿಯಲ್ಲಿ ಅದೊಂದೇ.

ಪೊಲೀಸ್ ಆ್ಯಕ್ಷನ್ ಆದ ಸೆಪ್ಟೆಂಬರಿನ ಹೊತ್ತಿಗೆ ನಾನು ಬೀದರಿನಲ್ಲಿದ್ದೆ. ಮಿಲಿಟರಿ ಬಂತು. ಅದಕ್ಕೆ ಮೊದಲೂ ಆಮೇಲೂ ಏನೇನಾಯಿತು ಎಂದು ನಾನು ಕೇಳಿದ್ದು ಬಹಳ. ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕಚೇರಿ ಮತ್ತೆ ತೆರೆದ ದಿನ ಖಾಜಾ ಚಾಚಾ ಬರಲಿಲ್ಲ. ಮರುದಿನ ನಾನು ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಒಲೆಯ ಮೇಲೆ ಒಂದು ಪಾತ್ರೆ ಇತ್ತು. ಮನುಷ್ಯರು ಇರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಕೇಳಲು ಯಾರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೋವಿಂದರಾಯರು ಒಂದು ತಿಂಗಳ ತನಕ ದಿನಾಲೂ ಗೈರ್ ಹಾಜರ್ ಎಂದು ಬರೆದರು. ಆಮೇಲೆ ಹೆಸರು ಹೊಡೆದುಹಾಕಿದರು. ಹೊಡೆದುಹಾಕುವ ದಿನ ಅವರು ಯಾರಿಗೂ ಯಾವ ಹೆಸರನ್ನೂ ಇಡಲಿಲ್ಲ, ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ. ಚಾಚಾ ಏನಾದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಸ ಸಾಹೇಬರು ಹೊರಗಿನಿಂದ ಬಂದರು. ಕಟ್ಟುನಿಟ್ಟಿನ ಮನುಷ್ಯ, ಅನ್ಯಾಯದ ಮನುಷ್ಯ ಅಲ್ಲ. ನಾನು ಮೂರನೆಯ ಕೂಗಿಗೆ ಗೇಟಿನ ತನಕ ಹೊರಟದ್ದನ್ನು ನೋಡಿ ಕರೆದರು. ಬಾಗಿಲಲ್ಲೇ ನಿಂತು ಮೂರೂ ಕೂಗು ಎಂದರು. ನೂರಾರು ಜನ ಹಿಡಿದು ತಂದವರಿದ್ದರು, ಹೊತ್ತಿರಲಿಲ್ಲ. ನಾನು ಹಾಗೇ ಮಾಡಿದೆ. ಇನ್ನೊಂದು ಬದಲಾವಣೆ ವಾರದ ಸೂಟಿಯದು. ನಿಜಾಮರ ಕಾಲದಲ್ಲಿ ಕಚೇರಿಗೆ ಶುಕ್ರವಾರ ಸೂಟಿ. ನಾವು ಹುಟ್ಟಿದಾಗಿನಿಂದ ಕಂಡದ್ದು ಅದೇ. ಈಗ ಅದನ್ನು ಭಾನುವಾರಕ್ಕೆ ಮಾಡಿದರು. ಹುಕುಮು ಬಂದು ಓದಿ ಹೇಳುವ ಮೊದಲೇ ಸಾಹೇಬರು ತಾವು ಬಂದ ಕಡೆಯ ರೂಢಿಯಂತೆ ಮುಂದಿನ ತಾರೀಕುಗಳನ್ನು ಹಾಕಿಬಿಟ್ಟಿದ್ದರು.

ಅಂಥ ಒಂದು ತಾರೀಕಿನ ಸಮನ್ಸು ಹಿಡಿದು ನಾನು ಸಂತಪುರಕ್ಕೆ ಹೋದೆ.

ಮುಕದ್ದಮೆ ಇದು. ಮಹಬೂಬಸಾಬ ಎಂಬ ಪಿಂಜಾರ, ಹತ್ತಿ ಉಣ್ಣೆ ಹಿಂಜುವ ಬಿಲ್ಲು ಹೆಗಲ ಮೇಲಿಟ್ಟುಕೊಂಡು ಊರೂರು ತಿರುಗುವವನು. ಔರಾದ್ ಕಡೆಯ ಒಂದು ಹಳ್ಳಿಯಲ್ಲಿ ರಜಾಕಾರರು ಮನೆಗಳಿಗೆ ಬೆಂಕಿ ಹಚ್ಚಿದಾಗ ಇವನೂ ಗುಂಪಿನಲ್ಲಿದ್ದ ಎಂದು ದೂರು. ತಾನು ಆ ಮೂರು ದಿನ ಸಂತಪುರದ ಹೊಲದಲ್ಲಿ ಕುರಿಗಾರ ಮಾಳಪ್ಪನ ಹಟ್ಟಿಯಲ್ಲಿ ಕಂಬಳಿಯ ಉಣ್ಣೆ ಹಿಂಜುತ್ತಿದ್ದೆ, ಬೇರೆ ಯಾರೂ ಅಲ್ಲಿರಲಿಲ್ಲ ಎಂದು ಅವನ ಮಾತು. ಅದನ್ನು ಹೇಳಬಲ್ಲವನು ಮಾಳಪ್ಪ ಒಬ್ಬನೇ.

ಹಟ್ಟಿಯಲ್ಲಿ ಮಾಳಪ್ಪ ಕುರಿಮರಿಯ ಕಾಲು ನೋಡುತ್ತ ಕೂತಿದ್ದ. ನಲವತ್ತರ ಆಸುಪಾಸಿನವನು. ಮಾತಾಡುವ ಮೊದಲು ಸ್ವಲ್ಪ ತಡೆದು ಮಾತಾಡುವ ಮನುಷ್ಯ. ಸಮನ್ಸು ತಿರುಗಿಸಿ ಮುರುಗಿಸಿ ನೋಡಿ ನನಗೇ ಕೊಟ್ಟ.

"ಎಂದ ಬರಬೇಕ್ರಿ?"

ನಾನು ತಾರೀಕು ನೋಡಿ ಬೆರಳ ಮೇಲೆ ವಾರ ಎಣಿಸಿದೆ. ಶುಕ್ರವಾರ ಬಂತು. ಮತ್ತೆ ಎಣಿಸಿದೆ. ಶುಕ್ರವಾರವೇ. ಹೊಸ ಸಾಹೇಬರಿಗೆ ನಮ್ಮ ಕಡೆಯ ಸೂಟಿ ಗೊತ್ತಿಲ್ಲ, ತಪ್ಪಿ ಹಾಕಿದ್ದಾರೆ ಎಂದುಕೊಂಡೆ. ಹನ್ನೊಂದು ವರ್ಷದ ನೌಕರಿಯ ಜಾಣತನ ಅದು.

"ಇದ್ರಾಗಿನ ತಾರೀಕು ಶುಕ್ರವಾರ ಬೀಳ್ತದ," ಎಂದೆ. "ಶುಕ್ರವಾರ ಕಚೇರಿ ಬಂದ್ ಇರ್ತದ. ನೀ ಶನಿವಾರ ಬಾ. ಅವತ್ತೇ ತಗೋತಾರ."

"ಶನಿವಾರ," ಎಂದು ಮಾಳಪ್ಪ ಒಂದು ಸಲ ಹೇಳಿಕೊಂಡ. "ಶುಕ್ರವಾರ ಬೆಳಗ್ಗಿ ಬಿಟ್ರ ಜನವಾಡದಾಗ ಮಲಕ್ಕೊಂಡು ಶನಿವಾರ ಬಾಗಿಲು ತೆಗ್ಯಾದ್ರಾಗ ಬರ್ತೇನ್ರಿ. ನನ್ನ ನಡಿಗಿ ಸಾವಕಾಶ. ಕುರಿ ಹಿಂದ ನಡದ್ ನಡದ್ ಕಾಲು ಹಂಗೇ ಆಗ್ಯಾವ."

ಅಲ್ಲೇ ಕೂತಿದ್ದ ಅವನ ಹೆಂಡತಿ ನಕ್ಕಳು. "ಲಗ್ನದಾಗ ಮುಹೂರ್ತಕ್ಕ ಬರ್ತಾನೋ ಇಲ್ಲೋ ಅಂತ ನಮ್ಮಪ್ಪ ಹಿಂದಿನ ದಿನಾನೇ ಕರಸಿದ್ದನ್ರಿ."

ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ನಾಲ್ಕು ದಿನದ ಮೇಲೆ ಸೂಟಿ ಬದಲಾದ ಹುಕುಮನ್ನು ನಮ್ಮೆಲ್ಲರನ್ನೂ ನಿಲ್ಲಿಸಿ ಓದಿದರು. ಓದುವಾಗ ಸಂತಪುರ ನನ್ನ ನೆನಪಿಗೆ ಬರಲಿಲ್ಲ. ಬಂದಿದ್ದರೆ ಮತ್ತೊಂದು ಸಲ ಹೋಗಲು ಹೊತ್ತಿತ್ತು, ಆರು ದಿನ ಇತ್ತು. ಬರಲಿಲ್ಲ. ಬಂದದ್ದು ಶುಕ್ರವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಎರಡನೆಯ ಕೂಗಿನಲ್ಲಿ.

ಮೂರನೆಯ ಕೂಗಾದ ಮೇಲೆ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ ಮುದುಕಿ ಎದ್ದು ಬಂದಳು. ಮಹಬೂಬಸಾಬನ ತಾಯಿ ಹುಸೇನಬಿ. ಗಲಾಟೆಯ ನಂತರ ಬೀದರಿನ ಪಕ್ಕದ ಚಿದ್ರಿಯಲ್ಲಿ ತಂಗಿಯ ಮನೆಯಲ್ಲಿದ್ದಳು. ಅವಳ ಕೈ ಹಿಡಿದು ಮೊಮ್ಮಗಳು ರಜಿಯಾ, ಎಂಟು ವರ್ಷದ ತಾಯಿಯಿಲ್ಲದ ಹುಡುಗಿ.

"ಬೇಟಾ, ಇನ್ನೊಂದು ಸಾರಿ ಕೂಗಪ್ಪ. ಅವ ಸಾವಕಾಶ ನಡೀತಾನ. ಬಂದೇ ಬರ್ತಾನ."

"ಮೂರೇ ಸಲರೀ ಅಮ್ಮಾ," ಎಂದೆ.

ಒಳಗೆ ಪೊಲೀಸನ ಪಕ್ಕ ನಿಂತಿದ್ದ ಮಹಬೂಬಸಾಬನೂ ಅದನ್ನೇ ಹೇಳಿದ. ಅವನು ಬರುವ ಮನುಷ್ಯ, ಒಂದು ದಿನ ತಡೆಯಿರಿ. ಸಾಹೇಬರು ಸಮನ್ಸಿನ ಪ್ರತಿ ತರಿಸಿ ನೋಡಿದರು. ತಾರೀಕು ಸರಿಯಿತ್ತು, ಹೆಬ್ಬೆಟ್ಟು ಇತ್ತು, ಕೆಳಗೆ ನನ್ನ ಸಹಿ ಇತ್ತು. ತಿಳಿದೂ ಬಂದಿಲ್ಲ ಎಂದು ಬರೆಸಿದರು. ಸಾಕ್ಷಿ ಬಂದ್ ಆಯಿತು. ತೀರ್ಪು ಸೋಮವಾರಕ್ಕೆ.

ನಾನು ಹೊಸ್ತಿಲಿನ ಹೊರಗೇ ನಿಂತಿದ್ದೆ. ಒಳಗೆ ಹೋಗಲು ಒಂದು ಹೆಜ್ಜೆ ಸಾಕಿತ್ತು. ಹೋಗಲಿಲ್ಲ. ಆ ದಿನಗಳಲ್ಲಿ ನಿಜಾಮರ ಕಾಲದ ನೌಕರರನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸುತ್ತಿದ್ದರು. ಸಣ್ಣ ತಪ್ಪಿಗೂ ಮನೆಗೆ ಕಳಿಸುತ್ತಿದ್ದರು. ಒಬ್ಬ ಆರೋಪಿಯ ಸಾಕ್ಷಿಗೆ ಸುಳ್ಳು ದಿನ ಹೇಳಿದವನು ಎಂದರೆ ಯಾರ ಕಡೆಯವನು ಎಂದು ಕೇಳುತ್ತಾರೆ ಎಂದು ಹೆದರಿದೆ. ಮನೆಯಲ್ಲಿ ನಮ್ಮವ್ವ, ಹೆಂಡತಿ, ಎರಡು ತಿಂಗಳ ಕೂಸು. ಇದು ಕಾರಣ. ಇದನ್ನು ನೆಪ ಎಂದು ಓದಿದರೂ ನನ್ನ ತಕರಾರಿಲ್ಲ.

ಶನಿವಾರ ನಾನು ಬೀಗ ತೆಗೆಯಲು ಹೋದಾಗ ಮಾಳಪ್ಪ ಗೇಟಿನ ಪಕ್ಕದ ಬೇವಿನ ಗಿಡದ ಬುಡದಲ್ಲಿ ಕೂತಿದ್ದ. ಹೊತ್ತು ಒಂಬತ್ತು. ಕಚೇರಿ ತೆರೆಯುವುದು ಹತ್ತಕ್ಕೆ. ನನ್ನನ್ನು ಕಂಡು ಎದ್ದು ಕೈ ಮುಗಿದ.

"ಬಂದೀನ್ರಿ. ಎಲ್ಲರಗಿಂತ ಮೊದಲು ನಾನೇ ಅದೀನಿ ಕಾಣಸ್ತದ."

ನಾನು ಬೀಗ ತೆಗೆದೆ.

ಗೋವಿಂದರಾಯರು ಬಂದು ಹೆಸರು ಕೇಳಿದರು. ಕೇಳಿ, ಕನ್ನಡಕ ಏರಿಸಿ ಅವನನ್ನು ಕಾಲಿನಿಂದ ತಲೆಯ ತನಕ ನೋಡಿದರು. "ಬಂದ್ರಪ್ಪ ಸಾವಕಾಶರಾಯರು. ನಿನ್ನಿ ಲಗ್ನ ಆತು, ಇವತ್ತ ಅಕ್ಕಿಕಾಳು ತಗೊಂಡು ಬಂದಾನ."

ಪಡಸಾಲೆಯಲ್ಲಿ ಇದ್ದವರು ನಕ್ಕರು.

"ನಿನ್ನಿ ಏನ್ರಿ?" ಅಂದ ಮಾಳಪ್ಪ. "ನಿನ್ನಿ ಶುಕ್ರವಾರ. ಶನಿವಾರ ಅಂತ..." ಅಷ್ಟಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದ. ನಾನು ಅವನಿಂದ ನಾಲ್ಕು ಮೊಳ ದೂರದಲ್ಲಿ, ನೀರಿನ ಹಂಡೆಯ ಪಕ್ಕ ನಿಂತಿದ್ದೆ. ಅವನು ಕಾಯುತ್ತಿದ್ದ. ನಾನು ಹಂಡೆಯ ಮುಚ್ಚಳ ಸರಿಮಾಡಿದೆ.

"ಸಾಕ್ಷಿ ಬಂದ್ ಆಗ್ಯಾದ. ಸೋಮವಾರ ತೀರ್ಪು. ಇರ್ತಿದ್ರ ಇರು, ಹೋಗ್ತಿದ್ರ ಹೋಗು," ಅಂದರು ರಾಯರು. "ಹೋಗಾದ್ರ ಈಗೇ ಹೊರಡು ಮತ್ತ. ನಿನ್ನ ನಡಿಗಿಗಿ ಯುಗಾದಿಗಿ ಮುಟ್ಟತಿ."

ಅವನು ಹೋಗಲಿಲ್ಲ. ಬೇವಿನ ಗಿಡದ ಬುಡಕ್ಕೇ ತಿರುಗಿ ಹೋಗಿ ಕೂತ.

ಅದೇ ದಿನ ಹನ್ನೆರಡು ಗಂಟೆಗೆ ಗೋವಿಂದರಾಯರು ನನ್ನ ಕೈಗೆ ಒಂದು ಯಾದಿ ಕೊಟ್ಟರು. ಬೀದರ್ ಜೇಲಿನಲ್ಲಿ ಜಾಗವಿರಲಿಲ್ಲ. ಸಾಕ್ಷಿ ಮುಗಿದವರನ್ನು ಗುಲ್ಬರ್ಗಾಕ್ಕೆ ಕಳಿಸುವುದು, ತೀರ್ಪನ್ನು ಅಲ್ಲಿಗೇ ತಿಳಿಸುವುದು. ಸಾಕ್ಷಿ ಇನ್ನೂ ಆಗಬೇಕಾದವರನ್ನು ಇಲ್ಲೇ ಇಟ್ಟುಕೊಳ್ಳುವುದು. ಯಾದಿಯಲ್ಲಿ ಒಂಬತ್ತು ಹೆಸರು. ಮಹಬೂಬಸಾಬನದು ಆರನೆಯದು. ಯಾದಿಯನ್ನು ಜೇಲಿಗೆ ಮುಟ್ಟಿಸಿದವನು ನಾನು. ಮೂರು ಗಂಟೆಗೆ ಲಾರಿ ಹೊರಟಿತು. ರಸ್ತೆಯ ಬದಿಯಲ್ಲಿ ನಿಂತು ನೋಡಿದೆ. ಅವನು ಹಿಂಭಾಗದಲ್ಲಿ, ಬಲಗಡೆಯಲ್ಲಿ ಕೂತಿದ್ದ. ನನ್ನನ್ನು ನೋಡಿದನೋ ಇಲ್ಲವೋ ಹೇಳಲಾರೆ.

ಭಾನುವಾರ ಹೊಸ ಸೂಟಿ. ನನಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಮಧ್ಯಾಹ್ನ ಕಚೇರಿಯ ಕಡೆ ಹೋದೆ. ಮಾಳಪ್ಪ ಅಲ್ಲೇ ಇದ್ದ, ಕಂಬಳಿ ಹಾಸಿಕೊಂಡು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದ. ಎರಡು ರೊಟ್ಟಿ, ಪುಂಡಿಪಲ್ಲೆ ಒಯ್ದಿದ್ದೆ. ತಗೊಂಡ. ಒಂದು ರೊಟ್ಟಿ ತಿಂದು ಇನ್ನೊಂದನ್ನು ಬಟ್ಟೆಯಲ್ಲಿ ಕಟ್ಟಿಟ್ಟ.

ಅವನು ಗಂಟು ಕಟ್ಟಿದ ಮೇಲೆ ಕೇಳಿದೆ. "ನಾನೇ ಶನಿವಾರ ಅಂದಿದ್ದೆ ಅಂತ ನಿನ್ನಿ ಯಾಕ ಹೇಳಲಿಲ್ಲ ಮಾಳಪ್ಪ?"

"ನೀವು ಅಲ್ಲೇ ನಿಂತಿದ್ರಲ್ಲರಿ," ಅಂದ. "ನೀವೇ ಹೇಳ್ತೀರಿ ಅಂತ ಸುಮ್ನಾದೆ."

ತಕಲಿ ತಿರುಗಿಸಿದ, ನೂಲು ಸುತ್ತಿದ.

"ಈಗೂ ಅದಕ್ಕೇ ಕುಂತೀನಿ."

"ನೌಕರಿ ಹೋಗ್ತದ," ಎಂದೆ.

"ಹೋಗಬಹುದ್ರಿ," ಅಂದ ಮಾಳಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನ ಹೇಳುವ ಹವಣಿಕೆಯೂ ಇರಲಿಲ್ಲ. "ಮಹಬೂಬ ಮೂರು ದಿನ ನಮ್ಮ ಹಟ್ಟ್ಯಾಗ ಉಣ್ಣಿ ಹಿಂಜ್ಯಾನ. ನಮ್ಮ ಒಲಿ ರೊಟ್ಟಿ ತಿಂದಾನ. ಅದನ್ನ ಹೇಳ್ಲಾಕ ನಾ ಬಂದೀನಿ. ನಿಮಗ ಏನು ಗೊತ್ತದ ಅದನ್ನ ನೀವು ಹೇಳ್ರಿ. ನಾ ಮತ್ತೇನು ಹೇಳಲಿ?"

ಅವನಿಗೆ ಲಾರಿಯ ವಿಷಯ ಗೊತ್ತಿರಲಿಲ್ಲ. ಹೇಳಿದೆ. ತಕಲಿ ನಿಂತಿತು.

"ಎಂದ ಹೋತು?"

"ನಿನ್ನಿ, ಮೂರು ಗಂಟಿಗಿ."

"ನಾ ಇಲ್ಲೇ ಕುಂತಿದ್ನಲ್ಲ," ಅಂದ.

ಸೋಮವಾರ ಹತ್ತೂವರೆಗೆ, ಸಾಹೇಬರು ಕೂತ ಕೂಡಲೇ, ಯಾರೂ ಕರೆಯದೆ ನಾನು ಹೊಸ್ತಿಲು ದಾಟಿ ಒಳಗೆ ಹೋದೆ. ಗೋವಿಂದರಾಯರು ತಲೆಯೆತ್ತಿ, "ಏನೋ?" ಅಂದರು. ನಾನು ನೇರ ಸಾಹೇಬರಿಗೇ ಹೇಳಿದೆ. ಸಂತಪುರಕ್ಕೆ ಹೋದದ್ದು, ವಾರ ಎಣಿಸಿದ್ದು, ಶುಕ್ರವಾರ ಸೂಟಿ ಎಂದುಕೊಂಡದ್ದು, ಶನಿವಾರ ಬಾ ಎಂದದ್ದು. ಮಾಳಪ್ಪ ತಡವಾಗಿ ಬಂದವನಲ್ಲ, ಒಂದು ಗಂಟೆ ಮೊದಲೇ ಬಂದವನು ಎಂದೆ. ನನಗೆ ಉರ್ದುವಿನಲ್ಲಿ ಹೇಳುವುದು ರೂಢಿಯಾಗಿತ್ತು. ಆ ದಿನ ಅರ್ಧ ಕನ್ನಡವಾಯಿತು. ಗೋವಿಂದರಾಯರೇ ಅದನ್ನು ತರ್ಜುಮೆ ಮಾಡಿದರು, ಒಂದು ಮಾತನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ.

ಸಾಹೇಬರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಒಂದೇ ಮಾತು ಕೇಳಿದರು.

"ಶನಿವಾರ ಯಾಕೆ ಹೇಳಲಿಲ್ಲ?"

ಆಮೇಲೆ ಮಾಳಪ್ಪನನ್ನು ಕರೆಯಲು ಹೇಳಿದರು. ಕೂಗುವ ಕೆಲಸ ನನ್ನದೇ. ಒಂದು ಸಲ ಕೂಗಿದೆ. ಅವನು ಬೇವಿನ ಗಿಡದಿಂದ ಎದ್ದು, ಕಂಬಳಿ ಮಡಚಿ ಹೆಗಲ ಮೇಲಿಟ್ಟು, ಅಂಗಳ ದಾಟಿ, ಮೆಟ್ಟಿಲು ಹತ್ತಿ ಬಂದ. ಅವನ ನಡಿಗೆ ಎಷ್ಟು ನಿಧಾನ ಎಂದು ನಾನು ಪೂರ್ತಿ ಕಂಡದ್ದು ಅವತ್ತು. ಯಾರೂ ನಗಲಿಲ್ಲ.

ಅವನ ಹೇಳಿಕೆ ಅರ್ಧ ಗಂಟೆಯಲ್ಲಿ ಮುಗಿಯಿತು. ಎಷ್ಟು ಉಣ್ಣೆ ಹಿಂಜಿದ, ಬಿಲ್ಲಿನ ನರ ಯಾವ ದಿನ ಹರಿಯಿತು, ಅದಕ್ಕೆ ತಾನು ಯಾವ ಕುರಿಯ ನರ ಕೊಟ್ಟೆ, ಎಲ್ಲ ಹೇಳಿದ. ಸಾಹೇಬರು ಮಹಬೂಬಸಾಬನನ್ನು ಬಿಡುವ ಹುಕುಮು ಬರೆದರು. ನನ್ನನ್ನು ಆರು ತಿಂಗಳು ಕೆಲಸದಿಂದ ನಿಲ್ಲಿಸಿದರು. ನಾನು ಅಂಜಿದ್ದಕ್ಕಿಂತ ಅದು ಕಡಿಮೆ.

ಆದರೆ ಹುಕುಮು ಬೀದರ್ ಜೇಲಿಗಲ್ಲ, ಗುಲ್ಬರ್ಗಾಕ್ಕೆ ಹೋಗಬೇಕಾಗಿತ್ತು. ಆ ದಿನಗಳಲ್ಲಿ ಒಂದು ಕಾಗದಕ್ಕೆ ಹತ್ತು ಮೊಹರು. ಆ ಕೈಯಿಂದ ಈ ಕೈಗೆ ಹೋಗಿ, ಯಾದಿ ತಾಳೆ ನೋಡಿ, ಅವನನ್ನು ಬಿಡುವಷ್ಟರಲ್ಲಿ ಐದು ವಾರ ಕಳೆಯಿತು. ಅಷ್ಟರಲ್ಲಿ ಹುಸೇನಬಿ ತೀರಿಕೊಂಡಳು. ಅವಳಿಗೆ ಮೊದಲೇ ಉಬ್ಬಸ ಇತ್ತು. ಮಗ ಎದುರಿಗಿದ್ದಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳಲಾರೆ. ಮಗ ಎದುರಿಗಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ. ಚಿದ್ರಿಯ ಆಚೆಯ ಕಬರಸ್ಥಾನದಲ್ಲಿ ಗಂಡಸರು ಏಳೆಂಟು ಜನ. ಮಾಳಪ್ಪನಿಗೆ ಯಾರು ತಿಳಿಸಿದರೋ, ಸಂತಪುರದಿಂದ ನಡೆದು ಬಂದಿದ್ದ. ಮಣ್ಣು ಕೊಡುವ ಹೊತ್ತಿಗೆ ಸರಿಯಾಗಿ ಬಂದು, ಮಗ ನಿಲ್ಲಬೇಕಾದ ಜಾಗದಲ್ಲಿ ನಿಂತು, ಬಗ್ಗಿ ಮಣ್ಣು ಹಾಕಿದ. ನಾನು ಹಿಂದೆ ನಿಂತಿದ್ದೆ. ನಾನೂ ಹಾಕಿದೆ.

ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ. ತಾರೀಕು ಹೇಳುವಾಗ ಕಾಗದದಲ್ಲಿ ಏನಿದೆಯೋ ಅದನ್ನೇ ಹೇಳಿ, ನಿಮ್ಮ ಜಾಣತನ ಸೇರಿಸಬೇಡಿ. ಅನುಮಾನ ಬಂದರೆ ಬರೆದವರನ್ನು ಕೇಳಿ. ತಪ್ಪು ಗೊತ್ತಾದ ಗಳಿಗೆಯಲ್ಲೇ ಹೊಸ್ತಿಲು ದಾಟಿ. ತಪ್ಪು 'ಆಮೇಲೆ' ಸಣ್ಣದಾಗುವುದಿಲ್ಲ. ಮತ್ತು ತಡವಾಗಿ ಬಂದವನಿಗೆ ಹೆಸರಿಡುವ ಮೊದಲು ಅವನಿಗೆ ದಿನ ಹೇಳಿದವರು ಯಾರು ಎಂದು ಕೇಳಿ.

ಇದನ್ನು ನೋಡಿದವರು ಆಮೇಲೆ ಏನಾದರು ಎಂದು ಹೇಳುತ್ತೇನೆ. ಸಾಹೇಬರು ವರ್ಗವಾಗಿ ಹೋದರು, ಇದ್ದಾರೋ ಇಲ್ಲವೋ ತಿಳಿಯದು. ಗೋವಿಂದರಾಯರು ಪಿಂಚಣಿಗೆ ಹೋದ ವರ್ಷವೇ ತೀರಿಕೊಂಡರು. ಮಹಬೂಬಸಾಬ ಬಿಡುಗಡೆಯಾಗಿ ಬಂದ ಮೇಲೆ ಹದಿನೆಂಟು ವರ್ಷ ಬದುಕಿದ್ದ. ನಾನು ಎದುರಿಗೆ ಬಂದರೆ ಸಲಾಮು ಹೇಳುತ್ತಿದ್ದ, ನಿಲ್ಲುತ್ತಿರಲಿಲ್ಲ. ಮಾಳಪ್ಪ ಸಂತಪುರದಲ್ಲಿ ಇದ್ದಾನೆ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಹೇಳುವುದಿಲ್ಲ.

ಉಳಿದ ಇನ್ನೊಬ್ಬಳು ರಜಿಯಾ. ಚಿದ್ರಿಯಲ್ಲೇ ಮದುವೆಯಾಗಿ ಮಕ್ಕಳ ತಾಯಿಯಾಗಿದ್ದಾಳೆ. ಆ ಶುಕ್ರವಾರ ನನ್ನ ಮೂರೂ ಕೂಗನ್ನು ಕೇಳಿದವಳು. ಶನಿವಾರದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಬರೆದದ್ದನ್ನು ಬೇರೆಯವರಿಗೆ ಕೊಡುವ ಮೊದಲು ಹೋದ ತಿಂಗಳು ಅವಳ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಓದಿದೆ. ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಯಾದಿಯ ಮಾತು ಬಂದಾಗ ನನ್ನನ್ನು ತಡೆದಳು.

"ಶನಿವಾರ ಮುಂಜಾನಿ ಅಬ್ಬಾ ಇಲ್ಲೇ ಬೀದರ್‌ದಾಗ ಇದ್ರೇನ್ರಿ ಚಾಚಾ?"

"ಇದ್ದ. ಮೂರು ಗಂಟಿ ತನಕ."

"ಮಾಳಪ್ಪ ಚಾಚಾ?"

"ಅವನೂ ಬಂದಿದ್ದ."

"ಮತ್ತ ನೀವು?"

"ನಾನೂ ಇದ್ದೆ."

ಅವಳು ಅಕ್ಕಿಯಿಂದ ಒಂದು ಹರಳು ತೆಗೆದು ಅಂಗಳಕ್ಕೆ ಎಸೆದಳು.

"ಓದ್ರಿ ಮುಂದ," ಅಂದಳು.

ಕೊನೆಯ ತನಕ ಓದಿದೆ.